ಪರದೆಯ ಮೇಲಿನ ಬಿ.ಪಿ., ಪಂಪಿನೊಳಗಿನ ಔಷಧ: ಐಸಿಯು ಬಾಗಿಲಲ್ಲಿ ಕಾದವನ ಅನುಭವ

ಅಣ್ಣ ಈಗ ಮನೆಯಲ್ಲಿದ್ದಾನೆ. ಜಗಲಿಯ ಮೇಲೆ ಕುಳಿತು, ಅಡಿಕೆ ಗೊನೆ ಇಳಿಸುವ ಕೊನೆಗಾರರೊಂದಿಗೆ ಮಾತನಾಡುವಷ್ಟು ಚೇತರಿಸಿಕೊಂಡಿದ್ದಾನೆ. ಈ ಮಳೆಗಾಲದಲ್ಲಿ ಅವನ ಹೃದಯ ನಿಂತುಹೋಗಿತ್ತು. ಅದು ಮತ್ತೆ ಬಡಿಯತೊಡಗಿದ ಮೇಲೆ ಶಿವಮೊಗ್ಗದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಅವನ ರಕ್ತದೊತ್ತಡವನ್ನು ಹಿಡಿದು ನಿಲ್ಲಿಸಲು ವೈದ್ಯರು ಪಟ್ಟ ಪಾಡನ್ನು ನಾನು ಹತ್ತಿರದಿಂದ ಕಂಡೆ. ಏನು ಕೇಳಬೇಕು, ಯಾವ ಅಂಕಿಯನ್ನು ನೋಡಬೇಕು ಎಂದು ತಿಳಿಯದೆ ನಮ್ಮ ಮನೆಯವರು ಅನುಭವಿಸಿದ ಗಾಬರಿ ಇನ್ನೊಂದು ಮನೆಗೆ ಸ್ವಲ್ಪವಾದರೂ ಕಡಿಮೆಯಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ವೈದ್ಯರು ಹೇಳಿದ್ದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ, ಅರ್ಥವಾಗದ್ದನ್ನು ಮತ್ತೆ ಕೇಳಿದೆ. ಅದರ ಆಧಾರದ ಮೇಲೆ ಬರೆದದ್ದು ಇದು.

ಅಣ್ಣನ ತೋಟ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಮಳೆ ಹೊಳವಾದ ದಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಮನೆಗೆ ಬಂದವನಿಗೆ ಎದೆ ಹಿಂಡಿದಂತಾಗಿ ಬೆವರು ಸುರಿಯಿತು. ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕೊಡು ಎಂದನಂತೆ. ಅತ್ತಿಗೆ ಕೇಳಲಿಲ್ಲ. ಕರೆಂಟ್ ಇರಲಿಲ್ಲ, ಮೊಬೈಲಿಗೆ ಸಿಗ್ನಲ್ ಇರಲಿಲ್ಲ, 108ಕ್ಕೆ ಕರೆ ಹೋಗಲಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಇಸಿಜಿ ತೆಗೆದ ಕೂಡಲೇ ದೊಡ್ಡ ಹೃದಯಾಘಾತವೆಂದು ಗೊತ್ತಾಯಿತು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಮದ್ದು ಅದು. ಅದನ್ನು ಕೊಟ್ಟು ಸ್ವಲ್ಪ ಹೊತ್ತಿಗೆ ಅಣ್ಣನ ಕಣ್ಣು ಮೇಲಾಯಿತು, ಉಸಿರು ನಿಂತಿತು. ಸಿಬ್ಬಂದಿ ಎದೆ ಒತ್ತಿದರು, ವಿದ್ಯುತ್ ಆಘಾತ ಕೊಟ್ಟರು, ನಾಡಿ ಮರಳಿತು. ಮಂಚದ ಪಕ್ಕದಲ್ಲೇ ಯಂತ್ರವಿತ್ತು, ಅದನ್ನು ಬಳಸಲು ಬಲ್ಲ ಕೈಗಳೂ ಇದ್ದವು. ಇದೇ ಘಟನೆ ತೋಟದಲ್ಲಿ ಆಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಎದೆನೋವಿಗೆ ಮನೆಯಲ್ಲಿ ಕಷಾಯ ಕಾಯಿಸುತ್ತಾ ಕೂರಬೇಡಿ.

ನಾಡಿ ಮರಳಿದರೂ ಪ್ರಜ್ಞೆ ಮರಳಲಿಲ್ಲ. ಗಂಟಲಿಗೆ ಕೊಳವೆ ಹಾಕಿ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು ಎಂದರು. ನಮ್ಮ ಕಡೆಯವರಿಗೆ ಇಲ್ಲಿ ಎರಡು ದಾರಿ. ಒಂದು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಇನ್ನೊಂದು ಮಂಡಗದ್ದೆ, ಗಾಜನೂರಿನ ಮೇಲೆ ಶಿವಮೊಗ್ಗಕ್ಕೆ. ಮಳೆಗಾಲದಲ್ಲಿ ಘಾಟಿಯ ತಿರುವುಗಳನ್ನು ನಂಬುವ ಹಾಗಿಲ್ಲ. ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗವೇ ಆಯಿತು. ನಾನು ಶಿವಮೊಗ್ಗದಲ್ಲೇ ಇರುವುದರಿಂದ ಆಂಬುಲೆನ್ಸ್ ಬರುವ ಮೊದಲೇ ಆಸ್ಪತ್ರೆಗೆ ಹೋಗಿ ಮುಂಗಡ ಕಟ್ಟಿ, ಯಾವ ಚುಚ್ಚುಮದ್ದನ್ನು ಎಷ್ಟು ಹೊತ್ತಿಗೆ ಕೊಟ್ಟರು ಎಂದು ಹೇಳಿಟ್ಟೆ. ಇಸಿಜಿಯ ಫೋಟೋವನ್ನು ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡದ್ದು ಉಪಯೋಗಕ್ಕೆ ಬಂತು. ಆಂಬುಲೆನ್ಸ್ ಬಾಗಿಲು ತೆರೆದಾಗ ಅಣ್ಣನ ಕೈಕಾಲು ತಣ್ಣಗಿದ್ದವು. ದಾರಿಯಲ್ಲೇ ಬಿ.ಪಿ. ಇಳಿಯತೊಡಗಿತ್ತು ಎಂದು ಜೊತೆಗಿದ್ದ ನರ್ಸ್ ಹೇಳಿದರು.

ಹೃದಯದ ರಕ್ತನಾಳಗಳನ್ನು ನೋಡಿ ತೆರೆಯುವ ಕೋಣೆಗೆ, ಅಂದರೆ ಕ್ಯಾಥ್ ಲ್ಯಾಬ್‌ಗೆ ಒಯ್ದರು. ಹೃದಯದ ಮುಂಭಾಗದ ದೊಡ್ಡ ರಕ್ತನಾಳಕ್ಕೆ, ಅದನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆಯಾದ ಸ್ಟೆಂಟ್ ಹಾಕಿ ಹೊರಬಂದ ವೈದ್ಯರು, “ನಾಳ ತೆರೆದಿದೆ. ಆದರೆ ಹೃದಯದ ಪಂಪಿಂಗ್ ಬಹಳ ಕಡಿಮೆ ಇದೆ, ಬಿ.ಪಿ. ನಿಲ್ಲುತ್ತಿಲ್ಲ” ಎಂದರು. ನಾಳ ತೆರೆದ ಮೇಲೂ ಬಿ.ಪಿ. ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಐಸಿಯುವಿನ ವೈದ್ಯೆಯಿಂದ. ನಿಂತು ಮತ್ತೆ ಶುರುವಾದ ಹೃದಯದ ಸ್ನಾಯು ಕೆಲವು ದಿನ ಮಂಕಾಗಿಯೇ ಇರುತ್ತದೆ. ಅದು ಸತ್ತಿಲ್ಲ, ಸೋತಿದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಎಷ್ಟೋ ಚೇತರಿಸಿಕೊಳ್ಳುತ್ತದೆ. ಅದರ ಜೊತೆಗೆ, ರಕ್ತ ಹರಿಯದೆ ನಿಂತು ಮತ್ತೆ ಹರಿದಾಗ ಇಡೀ ದೇಹದಲ್ಲಿ ಉರಿಯೂತವೇಳುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ. ನಿದ್ರೆಗೆಂದು ಕೊಡುವ ಔಷಧಗಳೂ ಒತ್ತಡವನ್ನು ಇಳಿಸುತ್ತವೆ. ಮಿದುಳಂತೂ ತನಗೆ ಬೇಕಾದ ರಕ್ತದ ಹರಿವನ್ನು ತಾನೇ ಹೊಂದಿಸಿಕೊಳ್ಳುವ ಶಕ್ತಿಯನ್ನು ಆ ದಿನಗಳಲ್ಲಿ ಕಳೆದುಕೊಂಡಿರಬಹುದು. ಒತ್ತಡ ಕುಸಿದರೆ, ಒಮ್ಮೆ ಪೆಟ್ಟು ತಿಂದ ಮಿದುಳಿಗೆ ಎರಡನೆಯ ಪೆಟ್ಟು ಬೀಳುತ್ತದೆ. “ಹೃದಯ ಏಳುವವರೆಗೆ ಮಿದುಳನ್ನೂ ಮೂತ್ರಪಿಂಡವನ್ನೂ ಕಾಯುವುದು ಈಗ ನಮ್ಮ ಕೆಲಸ” ಎಂದರು ಆಕೆ.

ನಮ್ಮ ಆಸ್ಪತ್ರೆಯಲ್ಲಿ ಒಳಗೆ ಬಿಡುತ್ತಿದ್ದುದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಬ್ಬೊಬ್ಬರನ್ನೇ. ಮೊದಲ ಸಲ ಹೋದಾಗ ಕಣ್ಣು ಮುಖಕ್ಕಿಂತ ಮೊದಲು ಪರದೆಗೆ ಹೋಯಿತು. ಕೆಂಪು ಗೆರೆಯ ಪಕ್ಕದಲ್ಲಿ 84/48 ಎಂದಿತ್ತು, ಆವರಣದೊಳಗೆ 60. ಎಲ್ಲರಿಗೂ ಮೇಲಿನ, ಕೆಳಗಿನ ಅಂಕಿ ಗೊತ್ತು. ಆವರಣದಲ್ಲಿರುವುದು ಸರಾಸರಿ ಒತ್ತಡ. ಕೆಳಗಿನ ಅಂಕಿಯನ್ನು ಎರಡು ಸಲ, ಮೇಲಿನದನ್ನು ಒಂದು ಸಲ ಕೂಡಿಸಿ ಮೂರರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅದು ಸಿಗುತ್ತದೆ. ಐಸಿಯುವಿನವರು ಹಿಡಿದುಕೊಳ್ಳುವುದು ಇದನ್ನೇ. ಹೃದಯ ನಿಂತು ಮರಳಿದವರಲ್ಲಿ ಇದು 65ಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ಅವರು ಪಾಲಿಸುವ ಗೆರೆ. ನಮ್ಮದು ಅದರ ಕೆಳಗಿತ್ತು.

ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಬಿ.ಪಿ. ಇಲ್ಲಿ ಸಾಲದು. ಮಣಿಕಟ್ಟಿನ ಅಪಧಮನಿಯೊಳಗೆ ಸಣ್ಣ ಕೊಳವೆ ಇಟ್ಟು, ಪ್ರತಿ ಬಡಿತದ ಒತ್ತಡವನ್ನೂ ಪರದೆಗೆ ತರುತ್ತಾರೆ. ಅದನ್ನು ಅಲ್ಲಿ ಆರ್ಟ್ ಲೈನ್ ಎನ್ನುತ್ತಾರೆ. ಕುತ್ತಿಗೆಯ ದೊಡ್ಡ ಅಭಿಧಮನಿಗೆ ಇನ್ನೊಂದು ಕೊಳವೆ, ಅದು ಸೆಂಟ್ರಲ್ ಲೈನ್. ಬಿ.ಪಿ. ಏರಿಸುವ ನಾರ್‌ಅಡ್ರಿನಲಿನ್ ಕೈಯ ಸಣ್ಣ ನಾಳದಿಂದ ಸೋರಿದರೆ ಚರ್ಮ, ಮಾಂಸ ಸುಟ್ಟಂತೆ ಕೆಡುತ್ತದೆ. ಅದಕ್ಕಾಗಿ ದೊಡ್ಡ ನಾಳವೇ ಬೇಕು. ಎರಡಕ್ಕೂ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಅಣ್ಣನಿಗೆ ರಕ್ತ ಕರಗಿಸುವ ಮದ್ದು ಕೊಟ್ಟಿದ್ದರಿಂದ ಚುಚ್ಚಿದ ಕಡೆ ರಕ್ತಸ್ರಾವವಾಗುವ ಭಯವಿತ್ತು. ಅಲ್ಟ್ರಾಸೌಂಡ್ ನೋಡುತ್ತಲೇ ಹಾಕಿದರು, ಆದರೂ ಕುತ್ತಿಗೆಯ ಬಟ್ಟೆ ರಾತ್ರಿಯಿಡೀ ಒದ್ದೆಯಾಗುತ್ತಿತ್ತು. ಅತ್ತಿಗೆಗೆ ಅದನ್ನು ನೋಡಲಾಗಲಿಲ್ಲ.

ಪರದೆಯ ಅಂಕಿ ಹಠಾತ್ತಾಗಿ ಬದಲಾಗುವುದನ್ನು ನೋಡಿ ಗಾಬರಿಯಾಗಬೇಡಿ. ರೋಗಿಯನ್ನು ಮಗ್ಗುಲಾಗಿಸಿದಾಗ, ಗಂಟಲಿನ ಕಫ ತೆಗೆದಾಗ, ಕೈ ಮಡಚಿದಾಗ ಅದು ಏರುತ್ತದೆ ಅಥವಾ ಇಳಿಯುತ್ತದೆ. ಮಂಚವನ್ನು ಎತ್ತರಿಸಿದ ಮೇಲೆ, ಅಳೆಯುವ ಉಪಕರಣವನ್ನು ಹೃದಯದ ಮಟ್ಟಕ್ಕೆ ತರದಿದ್ದರೂ ಅಂಕಿ ತಪ್ಪುತ್ತದೆ. ಬಿ.ಪಿ. ಏರಿಸುವ ಮದ್ದನ್ನು ಸಿರಿಂಜಿನಲ್ಲಿ ತುಂಬಿ, ಒಂದು ಪಂಪ್ ಅದನ್ನು ನಿಧಾನವಾಗಿ ಒಳಗೆ ತಳ್ಳುತ್ತದೆ. ಆ ಸಿರಿಂಜ್ ಬದಲಿಸುವ ಹೊತ್ತು ಮಾತ್ರ ಸೂಕ್ಷ್ಮ. ಈ ಮದ್ದಿನ ಪ್ರಭಾವ ನಿಮಿಷಗಳಲ್ಲಿ ಇಳಿದುಹೋಗುವುದರಿಂದ ಹಳೆಯದು ಮುಗಿಯುವ ಮೊದಲೇ ಸಿಸ್ಟರ್ ಹೊಸದನ್ನು ಇನ್ನೊಂದು ಪಂಪಿನಲ್ಲಿ ಸಿದ್ಧಮಾಡಿ ಇಟ್ಟಿರುತ್ತಿದ್ದರು. ಔಷಧದ ಚೀಟಿ ಕೈಗೆ ಬಂದರೆ ತಡಮಾಡದೆ ಓಡಿ. ರಾತ್ರಿ ಔಷಧದಂಗಡಿಯ ಮುಂದೆ ಸಾಲು ಇರುತ್ತದೆ. ಹಣ ಇರುವ ಒಬ್ಬರು ಸದಾ ಕೆಳಗಿರಲಿ.

ಮೊದಲ ರಾತ್ರಿ ಮದ್ದು ಏರುತ್ತಲೇ ಹೋಯಿತು. ಒತ್ತಡ 104/62 ಆಯಿತು, ಸರಾಸರಿ 76. ಹೊರಗೆ ಕಾಯುತ್ತಿದ್ದವರಿಗೆ ಹೇಳಿದೆ, ಎಲ್ಲರೂ ನಿಟ್ಟುಸಿರು ಬಿಟ್ಟರು. ವೈದ್ಯೆಯ ಮುಖದಲ್ಲಿ ಆ ನೆಮ್ಮದಿ ಇರಲಿಲ್ಲ. ನಾನು ಕೇಳಿದ್ದಕ್ಕೆ, “ಆ ಅಂಕಿಯನ್ನು ಮದ್ದು ಹಿಡಿದುಕೊಂಡಿದೆ. ಎಷ್ಟು ಮದ್ದಿನಲ್ಲಿ ಎಷ್ಟು ಒತ್ತಡ ಎಂದು ನೋಡಿ” ಎಂದರು. ಈ ಒಂದು ಮಾತನ್ನು ನಾನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡೆ. ಕೈತುಂಬಾ ಮದ್ದಿನ ಮೇಲೆ 104 ಇರುವುದಕ್ಕಿಂತ, ಮದ್ದಿಲ್ಲದೆ 95 ಇರುವುದು ಎಷ್ಟೋ ಮೇಲು. ಅಲ್ಲಿಂದ ಮುಂದೆ ಒಳಗೆ ಹೋದಾಗಲೆಲ್ಲ ಸರಾಸರಿ ಒತ್ತಡ, ಮದ್ದಿನ ಪ್ರಮಾಣ, ಮೂತ್ರ, ಲ್ಯಾಕ್ಟೇಟ್ ಇವಿಷ್ಟನ್ನು ಕೇಳಿ ಬರೆದುಕೊಂಡೆ. ಮೂತ್ರ ಏಕೆಂದರೆ, ಒತ್ತಡ ಅಂಗಗಳಿಗೆ ತಲುಪುತ್ತಿದೆಯೇ ಎಂಬುದಕ್ಕೆ ಅದೇ ಸಾಕ್ಷಿ. ದೇಹದ ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್ ಆದರೂ ಬರಬೇಕು. ಅಣ್ಣನ ತೂಕ 68, ಹಾಗಾಗಿ ಗಂಟೆಗೆ 34. ಲ್ಯಾಕ್ಟೇಟ್ ಎಂಬುದು ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಆಮ್ಲ. ಅದು ಇಳಿಯುತ್ತಾ ಹೋಗಬೇಕು.

ಮದ್ದಿನ ಪ್ರಮಾಣ ಕೇಳುವಾಗ ಒಂದು ಎಚ್ಚರ. ಪಂಪಿನ ಮೇಲೆ ಕಾಣುವುದು ಗಂಟೆಗೆ ಎಷ್ಟು ಮಿಲಿಲೀಟರ್ ಎಂಬ ಅಂಕಿ. ಒಂದು ಸಂಜೆ ಅದು 15ರಿಂದ 7.5ಕ್ಕೆ ಇಳಿದಿತ್ತು. ಅತ್ತಿಗೆ ಹೊರಗೆ ಬಂದು, “ಮದ್ದು ಅರ್ಧಕ್ಕೆ ಇಳಿಸಿದ್ದಾರೆ” ಎಂದು ಕೈಮುಗಿದರು. ಮಾವನವರಿಗೆ ಊರಿಗೆ ಫೋನೂ ಹೋಯಿತು. ನಿಜವಾಗಿ ಸಿರಿಂಜಿನೊಳಗಿನ ಮದ್ದನ್ನು 4 ಮಿಲಿಗ್ರಾಂನಿಂದ 8ಕ್ಕೆ ಏರಿಸಿ ಗಟ್ಟಿ ಮಾಡಿದ್ದರು, ದೇಹಕ್ಕೆ ಹೋಗುತ್ತಿದ್ದ ಪ್ರಮಾಣ ಅಷ್ಟೇ ಇತ್ತು. ಆ ರಾತ್ರಿ ಅತ್ತಿಗೆಗೆ ಅದನ್ನು ತಿಳಿಸಿ ಹೇಳುವುದು ನನಗೆ ಬಹಳ ಕಷ್ಟವಾಯಿತು. ಮಿಲಿಲೀಟರ್ ಕೇಳಬೇಡಿ. “ಕಿಲೋಗೆ ನಿಮಿಷಕ್ಕೆ ಎಷ್ಟು ಮೈಕ್ರೋಗ್ರಾಂ” ಎಂದು ಕೇಳಿ. ನಮ್ಮದು ಆಗ 0.3 ಇತ್ತು.

ಬಂಧುಗಳ ಮಾತು ಬೇರೆ ಪರೀಕ್ಷೆ. ಒಬ್ಬರು, “ಬರೀ ಔಷಧದಲ್ಲಿ ಬಿ.ಪಿ. ನಿಲ್ಲಿಸಿ ದುಡ್ಡು ಎಳೆಯುತ್ತಿದ್ದಾರೆ” ಎಂದರು. ಇನ್ನೊಬ್ಬರು, ವರ್ಷಗಳಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದವನಿಗೆ ಇಲ್ಲಿ ಮಾತ್ರೆಯನ್ನೇ ಕೊಡುತ್ತಿಲ್ಲ ಎಂದು ಸಿಟ್ಟಾದರು. ಅಣ್ಣನಿಗೆ ಬಿ.ಪಿ. ಹೆಚ್ಚಿದ್ದುದು ನಿಜ. ಒತ್ತಡವನ್ನು ಎತ್ತಿ ಹಿಡಿಯಬೇಕಾದ ಹೊತ್ತಿನಲ್ಲಿ ಇಳಿಸುವ ಮಾತ್ರೆ ಕೊಡುವ ಮಾತೇ ಇಲ್ಲ. ಆದರೆ ಹಳೆಯ ಮಾತ್ರೆಯ ಚೀಟಿಯನ್ನು ವೈದ್ಯೆ ಕೇಳಿ ಪಡೆದರು. ಹೆಚ್ಚು ಒತ್ತಡಕ್ಕೆ ಒಗ್ಗಿಹೋದ ಮಿದುಳು ಮತ್ತು ಮೂತ್ರಪಿಂಡಕ್ಕೆ ಕೆಲವೊಮ್ಮೆ 65 ಸಾಲುವುದಿಲ್ಲ. ಮೂತ್ರ ಕಡಿಮೆಯಾದರೆ ಗುರಿಯನ್ನು ಸ್ವಲ್ಪ ಮೇಲೆ ಇಟ್ಟು ನೋಡುತ್ತಾರೆ. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಫೋಟೋ ಎಲ್ಲರ ಮೊಬೈಲಿನಲ್ಲೂ ಇರಲಿ.

ಬೆಂಗಳೂರಿನಲ್ಲಿರುವ ಭಾವ ಫೋನಿನಲ್ಲಿ, ಮಿದುಳು ಉಳಿಯಬೇಕಾದರೆ ಒತ್ತಡವನ್ನು ಇನ್ನೂ ಎತ್ತರದಲ್ಲಿಡಬೇಕು, ಹಾಗೆಂದು ಹೇಳಿ ಎಂದು ಒತ್ತಾಯಿಸಿದರು. ಹೇಳಿದೆ. ವೈದ್ಯೆ ಬೇಸರಪಟ್ಟುಕೊಳ್ಳಲಿಲ್ಲ. ಡೆನ್ಮಾರ್ಕಿನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ ಎಂದರು. ಆಸ್ಪತ್ರೆಯ ಹೊರಗೆ ಹೃದಯ ನಿಂತು, ಮರಳಿ, ಪ್ರಜ್ಞೆ ಬಾರದಿದ್ದ 789 ಮಂದಿಯಲ್ಲಿ ಕೆಲವರಿಗೆ ಸರಾಸರಿ 63, ಕೆಲವರಿಗೆ 77 ಗುರಿ ಇಟ್ಟರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸಾವಿನಲ್ಲಾಗಲಿ ಮಿದುಳಿನ ತೀವ್ರ ಹಾನಿಯಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೇಲಕ್ಕೆ ಏರಿಸಲು ಹೆಚ್ಚು ಮದ್ದು ಬೇಕು, ಹೆಚ್ಚು ಮದ್ದೆಂದರೆ ಸೋತ ಹೃದಯಕ್ಕೆ ಹೆಚ್ಚು ದುಡಿಮೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ದೂರ ಚಿಮ್ಮುತ್ತದೆ, ಆದರೆ ಹಿಂದಿರುವ ಮೋಟಾರ್ ನರಳುತ್ತದೆ. ಭಾವನಿಗೆ ನಾನು ಹಾಗೆಯೇ ಹೇಳಿದೆ, ಅವರಿಗೆ ಅರ್ಥವಾಯಿತು. ಸಲೈನ್ ಹೆಚ್ಚು ಕೊಡಬಾರದೇಕೆ ಎಂಬುದಕ್ಕೂ ಇಂಥದೇ ಉತ್ತರ ಸಿಕ್ಕಿತು. ಪಂಪಿಂಗ್ ಕಡಿಮೆ ಇರುವಾಗ ಸುರಿದ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಹಾಸಿಗೆಯ ಬಳಿಯೇ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿ ನೋಡಿ, ಪಂಪಿಂಗ್ ಬಲಪಡಿಸಲು ಡೊಬ್ಯುಟಮಿನ್ ಎಂಬ ಇನ್ನೊಂದು ಮದ್ದನ್ನು ಸೇರಿಸಿದರು.

ಈ ನಡುವೆ ಕಾಗದದ ಕೆಲಸ. ಅಣ್ಣನದು ಎಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಪಡಿತರ ಚೀಟಿಯಲ್ಲಿ ಒಂದಕ್ಷರ ಮಾತ್ರ. ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಮೇಜಿನ ಮುಂದೆ ಅದಕ್ಕಾಗಿ ಒಂದು ಮಧ್ಯಾಹ್ನ ಹೋಯಿತು. ತುರ್ತು ಚಿಕಿತ್ಸೆಯಾದ್ದರಿಂದ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕಡ್ಡಾಯವಲ್ಲ ಎಂದರೂ ತಾಲ್ಲೂಕು ಆಸ್ಪತ್ರೆಯ ಚೀಟಿ ಇದ್ದದ್ದು ಕೆಲಸವನ್ನು ಸುಲಭ ಮಾಡಿತು. ಸ್ಟೆಂಟ್ ಬೆಲೆಗೆ ಕೇಂದ್ರ ಸರ್ಕಾರ 2017ರಿಂದ ಮಿತಿ ಹಾಕಿದೆ. ಆಗ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಇತ್ತು, ಆಮೇಲೆ ದರ ಪರಿಷ್ಕರಣೆಯಾಗುತ್ತಾ ಬಂದಿದೆ. ಬಿಲ್ಲಿನಲ್ಲಿ ಸ್ಟೆಂಟ್‌ನ ದರ ಬೇರೆಯಾಗಿ ಕಾಣಬೇಕು, ಅದರ ಸ್ಟಿಕ್ಕರ್ ಕಡತದಲ್ಲಿರಬೇಕು. ಕೇಳಿ ಪಡೆಯಿರಿ. ನಮಗೆ ಹೊರೆಯಾದದ್ದು ಸ್ಟೆಂಟ್ ಅಲ್ಲ, ಐಸಿಯುವಿನ ಬಾಡಿಗೆ, ವೆಂಟಿಲೇಟರ್, ದಿನಕ್ಕೆ ಹಲವು ಬಾರಿ ನಡೆಯುವ ರಕ್ತಪರೀಕ್ಷೆ. ಕೊನೆಗೆ ಕೈಯಿಂದ ಹೋದದ್ದು ಎರಡೂವರೆ ಲಕ್ಷದ ಆಸುಪಾಸು. ಅಡಿಕೆ ಕೊಯ್ಲಿಗೆ ಮುಂಚಿನ ತಿಂಗಳುಗಳಲ್ಲಿ ಅಷ್ಟು ಹಣ ಯಾವ ಬೆಳೆಗಾರನ ಮನೆಯಲ್ಲೂ ಇರುವುದಿಲ್ಲ. ಮಂಡಿಯ ಯಜಮಾನರು ಮುಂಗಡ ಕೊಟ್ಟರು.

ಮದ್ದು ಇಳಿಯತೊಡಗಿದ್ದು ಸದ್ದಿಲ್ಲದೆ. 0.3 ಇದ್ದದ್ದು 0.22 ಆಯಿತು. ಒಮ್ಮೆ ಮತ್ತೆ ಏರಿತು. ಜ್ವರ ಬಂದಿತ್ತು. ಹೃದಯ ನಿಂತು ಮರಳಿದವರಲ್ಲಿ ಜ್ವರ ಮಿದುಳಿಗೆ ಕೆಡುಕೆಂದು 37.5 ಡಿಗ್ರಿ ಸೆಲ್ಸಿಯಸ್ ದಾಟದಂತೆ ತಣ್ಣನೆಯ ಪಟ್ಟಿಗಳನ್ನಿಟ್ಟು ಕಾದರು. ಆಮೇಲೆ 0.15, 0.1. ಲ್ಯಾಕ್ಟೇಟ್ ಇಳಿಯಿತು, ಚೀಲದಲ್ಲಿ ಮೂತ್ರ ತುಂಬಿತು, ಬೆರಳುಗಳ ತುದಿ ಬೆಚ್ಚಗಾಯಿತು. ನಿದ್ರೆಯ ಮದ್ದನ್ನು ಕಡಿಮೆ ಮಾಡಿದಾಗ ಒತ್ತಡ ತಾನಾಗಿ ಇನ್ನಷ್ಟು ಮೇಲೆ ಬಂತು. ಔಷಧದಲ್ಲಿ ನಿಲ್ಲಿಸಿದ್ದಾರೆ ಎಂದಿದ್ದ ಬಂಧುವಿಗೆ ನಾನು ನೋಟ್‌ಬುಕ್ ತೋರಿಸಿದೆ. ಸರಾಸರಿ ಒತ್ತಡದ ಸಾಲು 70ರ ಸುತ್ತಲೇ ಇತ್ತು, ಅದರ ಕೆಳಗಿನ ಮದ್ದಿನ ಸಾಲು ಇಳಿಯುತ್ತಾ ಬಂದಿತ್ತು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಒತ್ತಡ ಸರಿಹೋಯಿತು, ಎಚ್ಚರವಾಗುತ್ತದೆಯೇ? ಇದನ್ನು ಎಷ್ಟು ಕೇಳಿದರೂ ವೈದ್ಯೆ ಉತ್ತರ ಕೊಡಲಿಲ್ಲ. ಕನಿಷ್ಠ 72 ಗಂಟೆ ಕಳೆಯಬೇಕು, ನಿದ್ರೆಯ ಮದ್ದು ದೇಹದಿಂದ ಪೂರ್ತಿ ಹೋಗಬೇಕು, ಅದಕ್ಕೆ ಮೊದಲು ಮಿದುಳಿನ ಬಗ್ಗೆ ಏನು ಹೇಳಿದರೂ ಅದು ಊಹೆ ಎಂದರು. ಆಗ ಕೋಪ ಬಂದಿತ್ತು. ಪಕ್ಕದ ಬೆಂಚಿನಲ್ಲಿದ್ದ ಹೊಸನಗರದ ಕುಟುಂಬವೊಂದು ಎರಡನೆಯ ದಿನವೇ ಆಸೆ ಬಿಟ್ಟು, ಮನೆಗೆ ಕರೆದೊಯ್ಯುತ್ತೇವೆ ಎಂದು ಮಾತನಾಡಿಕೊಳ್ಳುತ್ತಿತ್ತು. ಈ ಗಡುವಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ದಯವಿಟ್ಟು ಅಷ್ಟು ದಿನ ಕಾಯಿರಿ, ಯಾರ ಒತ್ತಾಯಕ್ಕೂ ಅವಸರದ ನಿರ್ಧಾರ ಬೇಡ.

ಅಣ್ಣ ಮೊದಲು ಕೈಯನ್ನು ಎಳೆದುಕೊಂಡ, ಆಮೇಲೆ ಕಣ್ಣು ತೆರೆದ, ಆದರೆ ಯಾರನ್ನೂ ನೋಡಲಿಲ್ಲ. ಮರುದಿನ ಮಗಳು ಕರೆದಾಗ ಅತ್ತ ಕಣ್ಣು ತಿರುಗಿಸಿದ. ಕೊಳವೆ ತೆಗೆದ ಮೇಲೆ ಆಡಿದ ಮೊದಲ ಮಾತು, “ಔಷಧಿ ಹೊಡೆದು ಮುಗಿಯಿತಾ?” ಎಂದು. ಅತ್ತಿಗೆ ಅತ್ತರು, ನಾನೂ ಅತ್ತೆ. ಅದೇ ಪ್ರಶ್ನೆಯನ್ನು ಅವನು ಆ ದಿನವಿಡೀ ಕೇಳಿದ. ರಾತ್ರಿ ಗೊಂದಲವಾಗಿ ಕೊಳವೆಗಳನ್ನು ಕೀಳಲು ಹೋಗುತ್ತಿದ್ದುದರಿಂದ ಕೈ ಕಟ್ಟಿದ್ದರು. ನೋಡಲು ಹಿಂಸೆಯಾಗುತ್ತದೆ, ಆದರೆ ಅಪಧಮನಿಯ ಕೊಳವೆ ಕಿತ್ತುಬಂದರೆ ರಕ್ತ ಚಿಮ್ಮುತ್ತದೆ. ನೆನಪಿನ ಗೊಂದಲ ವಾರಗಳಲ್ಲಿ ಕಡಿಮೆಯಾಗುತ್ತಾ ಬಂದಿದೆ. ಎದೆ ಒತ್ತಿದ್ದರಿಂದ ಬಂದ ಪಕ್ಕೆಲುಬಿನ ನೋವು ಇನ್ನೂ ಪೂರ್ತಿ ಹೋಗಿಲ್ಲ.

ಮನೆಗೆ ಕಳುಹಿಸುವಾಗ ಬಿ.ಪಿ.ಯ ವಿಷಯ ತಲೆಕೆಳಗಾಗುತ್ತದೆ. ಏರಿಸಲು ಹೆಣಗಿದವರೇ ಈಗ ಇಳಿಸುವ ಗುಣವಿರುವ ಮಾತ್ರೆಗಳನ್ನು, ರಾಮಿಪ್ರಿಲ್ ಮತ್ತು ಮೆಟೊಪ್ರೊಲಾಲ್ ಅನ್ನು, ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ಸೋತ ಹೃದಯದ ದುಡಿಮೆಯನ್ನು ಕಡಿಮೆ ಮಾಡಿ ಅದನ್ನು ಚೇತರಿಸಲು ಇವು ಬೇಕು. ಹಳೆಯ ಮಾತ್ರೆಯನ್ನು ಇದರ ಜೊತೆಗೆ ನುಂಗಬಾರದು. ಮನೆಗೆ ಬಂದ ಕೂಡಲೇ ಹಳೆಯ ಮಾತ್ರೆಗಳನ್ನು ತೆಗೆದು ಬೇರೆ ಇಟ್ಟೆವು. ಬೆಳಿಗ್ಗೆ ಎದ್ದಾಗ ಸ್ವಲ್ಪ ಹೊತ್ತು ಮಂಚದ ಅಂಚಿನಲ್ಲಿ ಕುಳಿತು ಆಮೇಲೆ ನಿಲ್ಲಬೇಕು. ತಲೆ ತಿರುಗಿ, ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ ಫೋನ್ ಮಾಡಿ ಎಂದಿದ್ದಾರೆ. ಸ್ಟೆಂಟ್ ಮುಚ್ಚದಂತೆ ಕಾಯುವ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಮಾತ್ರ ಒಂದು ದಿನವೂ ತಪ್ಪಿಸುವಂತಿಲ್ಲ. ಮಳೆಯಲ್ಲಿ ರಸ್ತೆ ಮುಚ್ಚಿದರೂ ಕೊರತೆಯಾಗದಷ್ಟು ಮಾತ್ರೆಯನ್ನು ಮನೆಯಲ್ಲಿ ಇಟ್ಟಿದ್ದೇವೆ.

ಪಂಪಿಂಗ್ ಮೊದಲ ಎಕೋದಲ್ಲಿ ಶೇ 25 ಇತ್ತು, ಬಿಡುಗಡೆಯ ಹೊತ್ತಿಗೆ 38ಕ್ಕೆ ಬಂದಿತ್ತು. ಎದೆಯೊಳಗೆ ಆಘಾತ ಕೊಡುವ ಯಂತ್ರವನ್ನು ಅಳವಡಿಸಬೇಕೇ ಎಂದು ಕೇಳಿದ್ದಕ್ಕೆ, ಹೃದಯಾಘಾತದ ಮೊದಲ ಗಂಟೆಗಳಲ್ಲಿ ನಿಂತ ಹೃದಯಕ್ಕೆ ಅದು ಕೂಡಲೇ ಬೇಕಾಗುವುದಿಲ್ಲ, ಮಾತ್ರೆಗಳಿಗೆ ಸಮಯ ಕೊಟ್ಟು ಮತ್ತೆ ಎಕೋ ನೋಡಿದ ಮೇಲೆಯೇ ಆ ಮಾತು ಎಂದರು. ಆ ಎಕೋ ಚೌತಿ ಕಳೆದ ಮೇಲೆ ಇದೆ. ಬಿಡುಗಡೆ ಪತ್ರ, ಆಂಜಿಯೋಗ್ರಾಂ ಸಿ.ಡಿ., ಅಣ್ಣನ ಬಿ.ಪಿ. ಬರೆದಿಡುವ ಪುಸ್ತಕ ಮೂರನ್ನೂ ಒಂದೇ ಚೀಲದಲ್ಲಿ ಹಾಕಿ, ಅತ್ತಿಗೆ ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ್ದಾರೆ. ಯಾವ ಹೊತ್ತಿನಲ್ಲಿ ಹೊರಡಬೇಕಾದರೂ ಕೈಗೆ ಸಿಗಬೇಕು.